ಟೊರ್ನಾಡೊನಾ, ಬರೀ ಗಾಳಿನಾ? ಬಿದ್ದ ಮರದ ತಲೆ ಯಾವ ಕಡೆಗಿದೆ ನೋಡಿ

ಷಿಕಾಗೊ ಪಕ್ಕದ ನಿಮ್ಮ ಊರಲ್ಲಿ ಮೊನ್ನೆಯ ಗಾಳಿಗೆ ಹಿತ್ತಲಿನ ಮರಗಳು ಬಿದ್ದಿವೆ, ಬೇಲಿ ಹಾರಿದೆ. ಪಕ್ಕದ ಮನೆಯವರು ಟೊರ್ನಾಡೊ ಅನ್ನುತ್ತಿದ್ದಾರೆ, ಟಿವಿಯವರು "ಸ್ಟ್ರೈಟ್ ಲೈನ್ ವಿಂಡ್ ಅಷ್ಟೇ" (ಸುತ್ತದ ನೇರ ಗಾಳಿ) ಅಂದಿದ್ದಾರೆ. ಇದನ್ನು ತೀರ್ಮಾನ ಮಾಡುವವರು ಯಾರು, ಹೇಗೆ ಅಂತ ಕೇಳಿದ್ದೀರಿ.

ತೀರ್ಮಾನ ಅಮೆರಿಕ ಸರ್ಕಾರದ ಹವಾಮಾನ ಇಲಾಖೆ ನ್ಯಾಷನಲ್ ವೆದರ್ ಸರ್ವಿಸ್‌ನವರದ್ದು. ನಿಮ್ಮ ಭಾಗಕ್ಕೆ ರೋಮಿಯೋವಿಲ್ ಕಚೇರಿ. ನಾನೂ ಇದೇ ಕಡೆ ಇರುವವನು, ಬಿರುಗಾಳಿ ನೋಡಿ ವರದಿ ಮಾಡುವ ಸ್ಟಾರ್ಮ್ ಸ್ಪಾಟರ್ ತರಬೇತಿ ಪಡೆದಿದ್ದೇನೆ. ಗಾಳಿ ನಿಂತ ಮೇಲೆ ಫೋಟೊ ತೆಗೆದು ಅವರಿಗೆ ಕಳಿಸುವುದು ನನ್ನ ಹುಚ್ಚು.

ಎಷ್ಟು ಹಾಳಾಗಿದೆ ಅನ್ನುವುದರಿಂದ ಇದು ಗೊತ್ತಾಗುವುದಿಲ್ಲ. ಯಾವುದು ಯಾವ ಕಡೆಗೆ ಬಿದ್ದಿದೆ ಅನ್ನುವುದೇ ಮುಖ್ಯ. ಡೌನ್‌ಬರ್ಸ್ಟ್ ಅಂದರೆ ಮೋಡದಿಂದ ತಣ್ಣನೆಯ ಗಾಳಿ ರಭಸವಾಗಿ ಇಳಿದು, ನೆಲಕ್ಕೆ ಬಡಿದು ಹರಡುವುದು. ನೇರ ಗಾಳಿ ಹೆಚ್ಚಾಗಿ ಹುಟ್ಟುವುದು ಇದರಿಂದಲೇ. ಆಗ ಮರಗಳು ಒಂದೇ ದಿಕ್ಕಿಗೆ, ಇಲ್ಲವೇ ಬೀಸಣಿಗೆ ಬಿಚ್ಚಿದ ಹಾಗೆ ಹೊರಗಡೆಗೆ ಬಿದ್ದಿರುತ್ತವೆ. ಟೊರ್ನಾಡೊ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಅದು ಹೋದ ದಾರಿ ಕಿರಿದಾಗಿರುತ್ತದೆ, ಮರಗಳು ಆ ದಾರಿಯ ಕಡೆಗೇ ವಾಲಿ ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತವೆ.

ಇದನ್ನು ಮೊದಲು ಬಿಡಿಸಿದವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. 1945ರಲ್ಲಿ ಬಾಂಬ್ ಬಿದ್ದ ನಾಗಸಾಕಿಯನ್ನು ಅವರು ಕಣ್ಣಾರೆ ನೋಡಿದ್ದರು. ಬಾಂಬ್ ಆಕಾಶದಲ್ಲೇ ಸಿಡಿದಿದ್ದರಿಂದ ಮರಗಳು ಒಂದು ಜಾಗದಿಂದ ಎಲ್ಲ ದಿಕ್ಕಿಗೂ ಹೊರಮುಖವಾಗಿ ಬಿದ್ದಿದ್ದವು. 1974ರ ಟೊರ್ನಾಡೊಗಳ ನಂತರ ವೆಸ್ಟ್ ವರ್ಜೀನಿಯಾದ ಕಾಡಿನ ಮೇಲೆ ವಿಮಾನದಲ್ಲಿ ಹಾರುವಾಗ ಅಂಥದ್ದೇ ಗುರುತು ಕಾಣಿಸಿತು. ಮರುವರ್ಷ ನ್ಯೂಯಾರ್ಕ್‌ನಲ್ಲಿ ವಿಮಾನವೊಂದು ಇಳಿಯುವಾಗ ಬಿತ್ತು. ಅದಕ್ಕೂ ಇಂಥ ಇಳಿಗಾಳಿಯೇ ಕಾರಣ ಅಂತ ಫುಜಿಟಾ ಅಂದಾಗ ಎಷ್ಟೋ ವಿಜ್ಞಾನಿಗಳು ನಂಬಲಿಲ್ಲ!

ದೊಡ್ಡ ಟೊರ್ನಾಡೊ ಆದರೆ ವಾದವೇ ಇರುವುದಿಲ್ಲ. ಕಷ್ಟ ಇರುವುದು ಸಣ್ಣದರಲ್ಲಿ. ಸುತ್ತುವ ವೇಗ ಕಡಿಮೆ, ಮುಂದಕ್ಕೆ ಓಡುವ ವೇಗ ಜಾಸ್ತಿ. ಇಲ್ಲಿನ ಟೊರ್ನಾಡೊಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ಹಾಗಾಗಿ ಅದು ಸಾಗುವ ದಿಕ್ಕಿನ ಬಲಬದಿಯಲ್ಲಿ ಎರಡೂ ವೇಗ ಕೂಡುತ್ತವೆ, ಎಡಬದಿಯಲ್ಲಿ ಕಳೆಯುತ್ತವೆ. ಹಾನಿಯೆಲ್ಲ ಒಂದೇ ಬದಿಗೆ, ಹೆಚ್ಚುಕಡಿಮೆ ಒಂದೇ ದಿಕ್ಕಿಗೆ. ನೋಡಿದರೆ ಥೇಟ್ ನೇರ ಗಾಳಿ! ಆಗ ರಾಡಾರ್ ಚಿತ್ರ ಇಟ್ಟುಕೊಂಡು ಬೀದಿ ಬೀದಿ ನಡೆಯುವುದೇ ದಾರಿ. 2024ರ ಜುಲೈ 15ರ ರಾತ್ರಿ ಇಲ್ಲಿ ಬಂದ ಡೆರೇಚೊದಲ್ಲಿ (ಬಹಳ ದೂರ ಹಬ್ಬುವ ನೇರ ಗಾಳಿಯ ಬಿರುಗಾಳಿ) 32 ಟೊರ್ನಾಡೊ ಇದ್ದವು. ಮೊದಲ ದಿನದ ಲೆಕ್ಕ ಅಷ್ಟಿರಲಿಲ್ಲ, ಸರ್ವೆ ಮುಂದುವರಿದ ಹಾಗೆಲ್ಲ ಬೆಳೆಯಿತು. ನಿಮ್ಮ ಊರಿನ ಮಾತೂ ಇನ್ನೊಂದು ವಾರದಲ್ಲಿ ಬದಲಾಗಬಹುದು.

ರೇಟಿಂಗ್ ಬಗ್ಗೆ ಒಂದು ಮಾತು. ಟೊರ್ನಾಡೊದ ಬಲವನ್ನು ಇಎಫ್ (ಸುಧಾರಿತ ಫುಜಿಟಾ) ಮಾಪಕದಲ್ಲಿ 0ಯಿಂದ 5ರವರೆಗೆ ಹೇಳುತ್ತಾರೆ. ಇಎಫ್0 ಅಂದರೆ ಗಂಟೆಗೆ 65ರಿಂದ 85 ಮೈಲಿ, ಇಎಫ್1 ಅಂದರೆ 86ರಿಂದ 110. ಇದು ಸಾಮಾನ್ಯವಾಗಿ ಅಳೆದ ವೇಗ ಅಲ್ಲ, ಮುರಿದದ್ದನ್ನು ನೋಡಿ ಹಿಂದಕ್ಕೆ ಹಾಕಿದ ಅಂದಾಜು. ಒಳಗೆ ಕೊಳೆತ ಮರ ಬಿದ್ದರೆ ಅದನ್ನು ನೋಡಿ ಹಾಕುವ ವೇಗದ ಅಂದಾಜೂ ಕಡಿಮೆ.

ಇನ್ನು ಟಿವಿಯವರ "ನೇರ ಗಾಳಿ ಅಷ್ಟೇ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. 2020ರ ಆಗಸ್ಟ್ 10ರಂದು ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಬೀಸಿದ್ದೂ ನೇರ ಗಾಳಿಯೇ. ವೇಗದ ಅಂದಾಜು ಗಂಟೆಗೆ 140 ಮೈಲಿ. ಅದು ಇಎಫ್3ರ ಮಟ್ಟ.

ನೀವು ಮಾಡಬೇಕಾದ್ದು ಇಷ್ಟು. ಮರ ಕಡಿಯುವವರು ಬರುವ ಮೊದಲು ಫೋಟೊ ತೆಗೆಯಿರಿ. ಬುಡದ ಹತ್ತಿರ ನಿಂತು ತುದಿಯ ಕಡೆಗೆ ತೆಗೆಯಿರಿ, ಫೋನಿನ ಕಂಪಾಸ್‌ನಲ್ಲಿ ದಿಕ್ಕು ನೋಡಿ ಬರೆದಿಡಿ. ಜಾಗ, ಸಮಯ ಸೇರಿಸಿ ರೋಮಿಯೋವಿಲ್ ಕಚೇರಿಗೆ ಕಳಿಸಿ. ಬೇಲಿ ಎಲ್ಲಿ ಹೋಗಿ ಬಿತ್ತು ಅನ್ನುವುದನ್ನೂ ಹೇಳಿ. ಇನ್ಶೂರೆನ್ಸ್‌ಗೆ ಸಾಮಾನ್ಯವಾಗಿ ಎರಡೂ ಗಾಳಿಯೇ, ಹೆಸರಿಗಾಗಿ ಕಾಯಬೇಡಿ. ಪಾಲಿಸಿಯಲ್ಲಿ ಗಾಳಿ-ಆಲಿಕಲ್ಲಿಗೆ ಬೇರೆ ಡಿಡಕ್ಟಿಬಲ್ (ನೀವೇ ಕೈಯಿಂದ ಭರಿಸಬೇಕಾದ ಮೊತ್ತ) ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.