ಮೊದಲು ಹಿಕ್ಕೆ ಎಣಿಸಿ

ದಾವಣಗೆರೆಯ ಓದುಗರೊಬ್ಬರ ಇ-ಮೇಲ್: "ನಮ್ಮ ಒಂಬತ್ತು ತಿಂಗಳ ಗಂಡು ಮೊಲಕ್ಕೆ ನಿನ್ನೆ ಸಂತಾನಹರಣ ಆಪರೇಷನ್ ಮಾಡಿಸಿದೆವು. ಮನೆಗೆ ಬಂದಾಗಿನಿಂದ ಮೂಲೆಯಲ್ಲಿ ಸುಮ್ನೆ ಕೂತಿದೆ, ಏನೂ ತಿಂದಿಲ್ಲ. ಎರಡು ದಿನ ಲಂಘನ ಹಾಕಿದರೆ ಒಳ್ಳೇದು ಅಂತಾರೆ ನಮ್ಮತ್ತೆ. ದೇವರು ಕೊಟ್ಟಿದ್ದನ್ನು ಕತ್ತರಿಸಿದ್ದೇ ತಪ್ಪು ಅಂತ ಬೇರೆ ಬೈತಾರೆ. ಯಾರ ಮಾತು ಸರಿ ಸರ್? ಹೆಣ್ಣು ಮೊಲವನ್ನು ಯಾವಾಗ ಜೊತೆಗೆ ಬಿಡಬಹುದು?"

ಅಮ್ಮಾ, ಇಂಥ ವಿಷಯಕ್ಕೆ ಮಾಸಪತ್ರಿಕೆಗೆ ಬರೆದು ಉತ್ತರಕ್ಕೆ ಕಾಯುತ್ತಾರಾ? ಅವತ್ತೇ ಫೋನ್ ಮಾಡಿ ನಿಮ್ಮನ್ನು ಡಾಕ್ಟರ ಹತ್ತಿರ ಓಡಿಸಿದೆ. ಈಗ ಅದು ಹುಲ್ಲು ಕಡಿಯುತ್ತಿದೆ ಎಂದು ಕೇಳಿ ಸಮಾಧಾನವಾಯಿತು. ಆದರೂ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ, ಯಾಕೆಂದರೆ ಆ "ಸುಮ್ನೆ ಕೂತಿದೆ" ಅನ್ನೋ ಮಾತು ನನ್ನ ನಿದ್ದೆ ಕೆಡಿಸಿತು.

ಅತ್ತೆಯವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆಪರೇಷನ್ ಅಂದರೆ ಹೊಟ್ಟೆ ಖಾಲಿ ಇರಬೇಕು ಅನ್ನೋದು ಮನುಷ್ಯರಿಗೆ ಸರಿ, ನಾಯಿ ಬೆಕ್ಕಿಗೂ ಸರಿ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದೀತು ಎಂಬ ಭಯ. ಆದರೆ ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ! ಅದರ ಕರುಳು ಓಡುತ್ತಲೇ ಇರಬೇಕಾದ ಯಂತ್ರ, ನಾರು ಬೀಳುತ್ತಿದ್ದರೆ ಮಾತ್ರ ಓಡುತ್ತದೆ. ನೋವು, ಭಯ, ಉಪವಾಸ ಮೂರೂ ಸೇರಿದರೆ ಕರುಳು ನಿಂತುಬಿಡುತ್ತದೆ. ಒಳಗೆ ಗ್ಯಾಸ್ ತುಂಬಿ ಇನ್ನಷ್ಟು ನೋವು, ನೋವಿಗೆ ಇನ್ನಷ್ಟು ಉಪವಾಸ. ಒಳ್ಳೆಯದಾಗಲಿ ಅಂತ ನಾವು ಹಾಕುವ ಲಂಘನವೇ ಅದನ್ನು ಕೊಲ್ಲಬಹುದು.

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಬೂದು ಮೊಲಕ್ಕೆ ಇದೇ ಆಪರೇಷನ್ ಆದಾಗ, ರಾತ್ರಿಯೆಲ್ಲ ಹೊಟ್ಟೆ ಖಾಲಿ ಇಡಿ ಎಂದು ಹೇಳಿದವರು ಒಬ್ಬ ಡಾಕ್ಟರೇ. ಇಟ್ಟೆವು. ಮರುದಿನ ಮನೆಗೆ ತಂದಾಗ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹತ್ತಿರ ಕಿವಿಯಿಟ್ಟರೆ ಕರಕರ ಹಲ್ಲು ಕಡಿಯುವ ಸದ್ದು. "ಪಾಪ, ರೆಸ್ಟ್ ಮಾಡ್ತಿದೆ" ಅಂದೆವು. ರೆಸ್ಟ್ ಅಲ್ಲ, ಅದು ನೋವು. ಬೇರೆ ಡಾಕ್ಟರು ಬಂದು ನೋವಿನ ಮೆಲಾಕ್ಸಿಕ್ಯಾಮ್ ಕೊಟ್ಟು, ಹುಲ್ಲಿನ ಪುಡಿ ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಚೂರು ಚೂರೇ ಕುಡಿಸಲು ಕಲಿಸಿಕೊಟ್ಟರು. ಕೆಳಗೆ ನಮ್ಮದೇ ಪತ್ರಿಕೆಯ ಹಳೆ ಸಂಚಿಕೆ ಹಾಸಿದ್ದೆ. ರಾತ್ರಿ ಎರಡೂಮುಕ್ಕಾಲಿಗೆ ಸಂಪಾದಕೀಯದ ಮೇಲೆ ಮೂರು ಹಿಕ್ಕೆ ಬಿತ್ತು, ಕಡಲೆಕಾಳಿಗಿಂತ ಸಣ್ಣವು. ನನ್ನ ಸಂಪಾದಕೀಯಕ್ಕೆ ಅಷ್ಟು ಖುಷಿ ಕೊಟ್ಟ ಪ್ರತಿಕ್ರಿಯೆ ಇನ್ನೊಂದು ಬಂದಿಲ್ಲ.

ಅದಕ್ಕೇ ಹೇಳುವುದು, ಹಿಕ್ಕೆ ಎಣಿಸಿ. ಹತ್ತು ಹನ್ನೆರಡು ಗಂಟೆ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಹಸಿ ಗರಿಕೆ, ಒಣ ಹುಲ್ಲು, ನಾಲ್ಕು ಎಸಳು ಕೊತ್ತಂಬರಿ ಮೂಗಿನ ಮುಂದೆಯೇ ಇಡಿ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಹಳೆ ಟವೆಲ್ ಹಾಸಿ. ಗಾಯ ನೆಕ್ಕದಿರಲೆಂದು ನಾಯಿಯ ಕತ್ತಿಗೆ ಕಟ್ಟುವ ಅಗಲ ಕೊರಳಪಟ್ಟಿ ಡಾಕ್ಟರು ಹೇಳದೆ ಬೇಡ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಬಾಯಿ ಹಾಕಿ ತಿನ್ನಬೇಕು (ಮುಖ ಸಿಂಡರಿಸಬೇಡಿ, ಮೊಲಕ್ಕೆ ಬೇಕಾದ ಎಷ್ಟೋ ಪೌಷ್ಟಿಕಾಂಶ ಇರುವುದು ಅದರಲ್ಲಿ), ಪಟ್ಟಿ ಇದ್ದರೆ ಬಾಯಿ ಎಟುಕುವುದಿಲ್ಲ. ಮನೆಯಲ್ಲಿರುವ ಮಾತ್ರೆ ಅರ್ಧ ಮಾಡಿ ಹಾಕುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಬಾಯಿಗೆ ಹಾಕಿದ ಅಮಾಕ್ಸಿಸಿಲಿನ್ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಅದರ ಪ್ರಾಣವನ್ನೇ ತೆಗೆಯಬಹುದು.

ಇನ್ನು ಕತ್ತರಿಸಿದ್ದು ಪಾಪ ಅನ್ನುವ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಲ್ಲಿ ನಾನೂ ಒಬ್ಬ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಹೆಣ್ಣು ಮೊಲ ಬಸಿರಾದರೆ ಸುಮಾರು 31 ದಿನಕ್ಕೆ ಮರಿ. ಹೆತ್ತ ದಿನವೇ ಮತ್ತೆ ಬಸಿರಾಗಬಲ್ಲದು. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ತರಿಸಿ ಕೆಲವು ಮೊಲ ಬಿಟ್ಟ. ಐವತ್ತು ವರ್ಷ ಕಳೆಯುವುದರೊಳಗೆ ಅಲ್ಲಿನವರು ಮೊಲ ತಡೆಯಲೆಂದೇ ಸಾವಿರಾರು ಕಿಲೋಮೀಟರ್ ಬೇಲಿ ಕಟ್ಟುತ್ತಿದ್ದರು. ಎತ್ತು ಮಾಡಲು ಹೋರಿಗೆ ಬೀಜ ಒಡೆಸಿದಾಗ ನಮ್ಮ ಹಿರಿಯರಿಗೆ ದೇವರು ನೆನಪಾಗಲಿಲ್ಲ, ಮೊಲದ ಸರದಿ ಬಂದಾಗ ಮಾತ್ರ ಯಾಕೆ ನೆನಪಾಗುತ್ತಾನೆ?

ನನಗೆ ನಿಜವಾಗಿ ಸಿಟ್ಟು ಬರುವುದು "ಮೂಕಪ್ರಾಣಿ" ಅನ್ನುವ ಪದದ ಮೇಲೆ. ಅದು ಮೂಕ ಅಲ್ಲ, ನಮಗೆ ಕಿವಿ ಇಲ್ಲ. ಬೇಟೆಗೆ ಸಿಕ್ಕುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ, ತೋರಿಸಿದರೆ ನರಿ ಬರುತ್ತದಲ್ಲ. 2012ರಲ್ಲಿ ಸಂಶೋಧಕರು ಮೊಲದ ಮುಖದಿಂದಲೇ ನೋವು ಅಳೆಯುವ ಒಂದು ಕ್ರಮ ಪ್ರಕಟಿಸಿದರು: ಕಣ್ಣು, ಕೆನ್ನೆ, ಮೂಗಿನ ಹೊಳ್ಳೆ, ಮೀಸೆ, ಕಿವಿ. ಅಷ್ಟು ಹೊತ್ತು ಒಂದು ಮೊಲದ ಮುಖ ನೋಡುತ್ತಾ ಕೂರುವ ತಾಳ್ಮೆ ನಮಗೆ ಮನುಷ್ಯರ ವಿಷಯದಲ್ಲೂ ಇಲ್ಲ. ನಮ್ಮಮ್ಮ ಹರ್ನಿಯಾ ಆಪರೇಷನ್ ಆಗಿ ವಾರ ಕಳೆಯುವುದರೊಳಗೆ ಒಲೆ ಮುಂದೆ ನಿಂತಿದ್ದಳು. ನೋವಿದೆಯಾ ಅಂತ ಮೂರು ಗಂಡುಮಕ್ಕಳಲ್ಲಿ ಒಬ್ಬರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಸುಮ್ನಿದ್ದಾಳೆ, ಅಂದರೆ ಆರಾಮಾಗಿದ್ದಾಳೆ ಅಂದುಕೊಂಡೆವು.

ಆಪರೇಷನ್ ಮಾಡಿಸಿಕೊಂಡು ಬಂದವರ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟು ಕಳಿಸುತ್ತಾರಲ್ಲ, ಅದರ ಬಗ್ಗೆ ಇನ್ನೊಂದು ಪುಟ ಬರೆಯಬಹುದು. ರಸ್ತೆ ಬದಿ ಪಂಜರದಲ್ಲಿ ತಾಯಿ ಬಿಟ್ಟಿರದ ಮರಿಗಳನ್ನು ಮಾರಿ, ಕ್ಯಾರೆಟ್ ಹಾಕಿದರೆ ಸಾಕು ಅನ್ನುವವರ ಬಗ್ಗೆ ಎರಡು ಪುಟ. ಜಾಗ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಆರು ವಾರ ಬೇರೆ ಬೇರೆ ಇರಲಿ, ಆಪರೇಷನ್ ಆದಮೇಲೂ ಗಂಡಿನಲ್ಲಿ ಕೆಲವು ವಾರ ವೀರ್ಯ ಉಳಿದಿರುತ್ತದೆ. ನಡುವೆ ಜಾಲರಿ ಇಡಿ, ಒಂದಕ್ಕೊಂದು ಮೂಸಿಕೊಂಡಿರಲಿ. ಹೆಣ್ಣಿಗೂ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಸಂಜೆಯ ಕೊತ್ತಂಬರಿ ಅವರ ಕೈಯಿಂದಲೇ ಕೊಡಿಸಿ.