ಸಹಿ ಹಾಕುವ ಮುನ್ನ: ಸಾರ್ಕೋಮಾ ಟ್ರಯಲ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಕೊಬ್ಬು, ಮಾಂಸಖಂಡ, ನರ, ರಕ್ತನಾಳ ಮೊದಲಾದ ಮೃದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಸಾರ್ಕೋಮಾ ಎನ್ನುತ್ತಾರೆ. ವಯಸ್ಕರಿಗೆ ಬರುವ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರಷ್ಟು. ಅಪರೂಪದ ಈ ಕಾಯಿಲೆಯ ಬಗ್ಗೆ ಈ ಸಲ ಒಟ್ಟಿಗೆ ಐದು ಪತ್ರಗಳು ಬಂದಿದ್ದು, ಐದರಲ್ಲೂ ಟ್ರಯಲ್ (ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಪ್ರಯೋಗ) ಎಂಬ ಪದ ಇದ್ದುದರಿಂದ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಚಿಕ್ಕಪ್ಪನವರಿಗೆ 58 ವರ್ಷ. ತೊಡೆಯ ಗಡ್ಡೆಯನ್ನು ತೆಗೆಸಿ ಒಂದೂವರೆ ವರ್ಷವಾದ ಮೇಲೆ ಕಾಯಿಲೆ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿದೆ. ಕೀಮೋ ಜೊತೆಗೆ ಹೊಸ ಔಷಧವೊಂದನ್ನು ಕೊಡುವ ಟ್ರಯಲ್‌ಗೆ ಸೇರುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಾರೆ. ಚಿಕ್ಕಮ್ಮ, ‘ಇಲಿಯ ಹಾಗೆ ಬಳಸಿಕೊಳ್ಳುತ್ತಾರೆ, ಬೇಡ’ ಎನ್ನುತ್ತಾರೆ. ಅಣ್ಣ, ‘ಹೊಸ ಔಷಧ ಹಳೆಯದಕ್ಕಿಂತ ಒಳ್ಳೆಯದೇ ಇರುತ್ತದೆ’ ಎನ್ನುತ್ತಾನೆ. ಯಾರ ಮಾತು ಸರಿ? — ಶಿವಮೊಗ್ಗದ ಓದುಗರು

ಉತ್ತರ: ಇಬ್ಬರೂ ಒಂದೊಂದು ಕಡೆ ಎಡವಿದ್ದಾರೆ. ಅಣ್ಣನ ತಪ್ಪು ಹೆಚ್ಚು ಜನ ಮಾಡುವಂಥದ್ದು, ಆದ್ದರಿಂದ ಅದನ್ನು ಮೊದಲು ನೋಡೋಣ. ಹೊಸದು ಮೇಲೆಂದು ಮೊದಲೇ ಗೊತ್ತಿದ್ದರೆ ಟ್ರಯಲ್ ನಡೆಸುವ ಪ್ರಮೇಯವೇ ಬರುತ್ತಿರಲಿಲ್ಲ.

ಹರಡಿದ ಸಾರ್ಕೋಮಾಕ್ಕೆ 1970ರ ದಶಕದಿಂದಲೂ ಸಾಮಾನ್ಯವಾಗಿ ಮೊದಲು ಕೊಡುತ್ತಿರುವುದು ಡಾಕ್ಸೊರೂಬಿಸಿನ್, ಅಂದರೆ ಕೀಮೋ ವಾರ್ಡಿನಲ್ಲಿ ಎಲ್ಲರೂ ಬಣ್ಣದಿಂದಲೇ ಗುರುತಿಸುವ ಕೆಂಪು ಔಷಧ. ಇದರ ಜೊತೆಗೆ ಇನ್ನೊಂದನ್ನು ಸೇರಿಸಿ ಫಲಿತಾಂಶವನ್ನು ಉತ್ತಮಗೊಳಿಸುವ ಪ್ರಯತ್ನ ಹಲವು ಬಾರಿ ನಡೆದಿದೆ. 2014ರಲ್ಲಿ ಪ್ರಕಟವಾದ ಯುರೋಪಿನ ಒಂದು ಟ್ರಯಲ್‌ನಲ್ಲಿ 455 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಾಕ್ಸೊರೂಬಿಸಿನ್ ಮಾತ್ರ, ಇನ್ನೊಂದಕ್ಕೆ ಅದರೊಡನೆ ಐಫಾಸ್ಫಮೈಡ್ ಎಂಬ ಇನ್ನೊಂದು ಕೀಮೋ ಔಷಧ ಕೊಟ್ಟರು. ಗಡ್ಡೆ ಗಣನೀಯವಾಗಿ ಕುಗ್ಗಿದವರ ಪ್ರಮಾಣ ಶೇ 14ರಿಂದ ಶೇ 26ಕ್ಕೆ ಏರಿತು. ಆದರೆ ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ, ಉಳಿದರ್ಧ ಕಡಿಮೆ ಕಾಲ ಬದುಕಿದ ಅವಧಿ) 12.8 ತಿಂಗಳಿಂದ 14.3 ತಿಂಗಳಿಗಷ್ಟೇ ಹೋಯಿತು; ಈ ಅಂತರ ಕೇವಲ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಅಡ್ಡಪರಿಣಾಮಗಳಂತೂ ಎರಡು ಔಷಧ ಪಡೆದವರಲ್ಲಿ ನಿಶ್ಚಯವಾಗಿಯೂ ಹೆಚ್ಚಿದ್ದವು.

ಇದಕ್ಕಿಂತ ಕಹಿಯಾದದ್ದು ಒಲರಾಟುಮ್ಯಾಬ್‌ನ ಕಥೆ, ನಿಮ್ಮ ಅಣ್ಣ ಓದಲೇಬೇಕಾದದ್ದು ಕೂಡ ಅದೇ. 133 ಮಂದಿಯ ಎರಡನೇ ಹಂತದ, ಅಂದರೆ ಔಷಧ ಫಲ ಕೊಡುತ್ತದೆಯೇ ಎಂದು ಚಿಕ್ಕ ಗುಂಪಿನಲ್ಲಿ ನೋಡುವ, ಟ್ರಯಲ್‌ನಲ್ಲಿ ಡಾಕ್ಸೊರೂಬಿಸಿನ್ ಮಾತ್ರ ಪಡೆದವರ ಮಧ್ಯಾಂಕ ಆಯುಷ್ಯ 14.7 ತಿಂಗಳಿದ್ದರೆ, ಈ ಹೊಸ ಔಷಧವನ್ನೂ ಸೇರಿಸಿ ಪಡೆದವರದು 26.5 ತಿಂಗಳು. ಸುಮಾರು ಒಂದು ವರ್ಷದ ಲಾಭ! ಡಾಕ್ಸೊರೂಬಿಸಿನ್ ಜೊತೆಗೆ ಇನ್ನೊಂದನ್ನು ಸೇರಿಸಿ ಅಂಥ ಅಂಕಿಯನ್ನು ಅದುವರೆಗೆ ಕಂಡವರಿರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಅಕ್ಟೋಬರಿನಲ್ಲಿ, ದೊಡ್ಡ ಟ್ರಯಲ್‌ನ ಫಲಿತಾಂಶ ಮುಂದೆ ಬರಲಿ ಎಂಬ ಷರತ್ತಿನೊಡನೆ, ತ್ವರಿತ ಅನುಮತಿ ಕೊಟ್ಟಿತು. ಆ ದೊಡ್ಡ ಟ್ರಯಲ್‌ಗೆ 509 ಮಂದಿ ಸೇರಿದರು. 2019ರ ಜನವರಿಯಲ್ಲಿ ಹೊರಬಿದ್ದ ಫಲಿತಾಂಶದ ಪ್ರಕಾರ ಹೊಸ ಔಷಧ ಪಡೆದವರದು 20.4 ತಿಂಗಳು, ಪಡೆಯದವರದು 19.7 ತಿಂಗಳು, ಅಂದರೆ ವ್ಯತ್ಯಾಸವೇ ಇಲ್ಲ. ಔಷಧ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಎರಡನೇ ಹಂತದವರು ಮೋಸ ಮಾಡಿದ್ದರೆಂದು ಇದರ ಅರ್ಥವಲ್ಲ. ಚಿಕ್ಕ ಗುಂಪನ್ನು ಎರಡಾಗಿ ಒಡೆದಾಗ, ಅದರಲ್ಲೂ ಹತ್ತಾರು ಉಪವಿಧಗಳಿರುವ ಕಾಯಿಲೆಯಲ್ಲಿ, ನಿಧಾನವಾಗಿ ಬೆಳೆಯುವ ಗಡ್ಡೆಯವರು ಒಂದೇ ಕಡೆ ಹೆಚ್ಚು ಬಿದ್ದರೂ ಸಾಕು, ತಕ್ಕಡಿ ವಾಲಿಬಿಡುತ್ತದೆ.

ಇನ್ನು ಚಿಕ್ಕಮ್ಮನವರ ಆತಂಕ. ಭಾರತದಲ್ಲಿ ಔಷಧ ಪ್ರಯೋಗಗಳ ಹೆಸರು ಕೆಟ್ಟ ಕಾಲವೊಂದಿತ್ತು; ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಇವುಗಳ ಪ್ರಕಾರ ಟ್ರಯಲ್‌ಗೆ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬೇಕು; ಆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸೇರದವರಾಗಿರಬೇಕು, ವೈದ್ಯಕೀಯದ ಹೊರಗಿನ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಒಪ್ಪಿಗೆ ಪತ್ರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಓದಲು ಬಾರದವರಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಅಲ್ಲಿರಬೇಕು. ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ, ಮನೆಗೆ ತಂದು ಎರಡು ದಿನ ಇಟ್ಟುಕೊಂಡು ಓದಿ. ಇವತ್ತೇ ಸಹಿ ಆಗಬೇಕೆಂದು ಯಾರಾದರೂ ಅವಸರಪಡಿಸಿದರೆ, ನನ್ನ ಅಭಿಪ್ರಾಯದಲ್ಲಿ, ಹಿಂಜರಿಯಲು ಅದೊಂದೇ ಕಾರಣ ಸಾಕು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಬರಬಹುದು. ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ.

‘ಬರೀ ಸಕ್ಕರೆ ಗುಳಿಗೆ ಕೊಟ್ಟುಬಿಟ್ಟರೆ?’ ಎಂಬ ಭಯವೂ ನಿಮ್ಮ ಮನೆಯಲ್ಲಿ ಇರಬಹುದು. ಒಲರಾಟುಮ್ಯಾಬ್‌ನ ದೊಡ್ಡ ಟ್ರಯಲ್‌ನಲ್ಲೂ ಪ್ಲಸೀಬೊ, ಅಂದರೆ ಔಷಧದಂತೆ ಕಾಣುವ ಹುಸಿ ಮದ್ದು, ಇತ್ತು. ಆದರೆ ಅದನ್ನು ಪಡೆದವರಿಗೂ ಡಾಕ್ಸೊರೂಬಿಸಿನ್ ತಪ್ಪಿರಲಿಲ್ಲ. ಒಪ್ಪಿತ ಚಿಕಿತ್ಸೆ ಇರುವ ಹಂತದಲ್ಲಿ ಸಾಮಾನ್ಯವಾಗಿ ಅದನ್ನು ಎಲ್ಲರಿಗೂ ಕೊಟ್ಟು, ಅದರ ಮೇಲೆ ಹೊಸದನ್ನೋ ಪ್ಲಸೀಬೊವನ್ನೋ ಸೇರಿಸುತ್ತಾರೆ. ಮೊದಲ ಚಿಕಿತ್ಸೆಗಳು ವಿಫಲವಾದ ಮೇಲಿನ ಹಂತದಲ್ಲಿ ಬರೀ ಪ್ಲಸೀಬೊ ಇರುವ ಟ್ರಯಲ್‌ಗಳೂ ನಡೆದಿವೆ: ಪಜೋಪನಿಬ್ ಮಾತ್ರೆಯನ್ನು 369 ಮಂದಿಯಲ್ಲಿ ಪರೀಕ್ಷಿಸಿದಾಗ ಪ್ರತಿ ಮೂವರಲ್ಲಿ ಒಬ್ಬರಿಗೆ ಪ್ಲಸೀಬೊ ಸಿಕ್ಕಿತ್ತು. ಆದ್ದರಿಂದ ಚಿಕ್ಕಪ್ಪನವರು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ನನಗೆ ಹೊಸ ಔಷಧ ಸಿಗದ ಗುಂಪು ಬಂದರೆ ಏನು ಸಿಗುತ್ತದೆ?’ ಎಂಬುದು. ಅದಕ್ಕೆ ಉತ್ತರವಾಗಿ ‘ಟ್ರಯಲ್‌ಗೆ ಸೇರದಿದ್ದರೆ ನಾವು ಕೊಡುತ್ತಿದ್ದ ಕೀಮೋವೇ ಸಿಗುತ್ತದೆ’ ಎಂದು ಹೇಳಿದರೆ, ಅವರು ಕಳೆದುಕೊಳ್ಳುವುದು ಕಡಿಮೆ. ಎಷ್ಟನೇ ಹಂತದ ಟ್ರಯಲ್ ಎಂಬುದು ಎರಡನೆಯ ಪ್ರಶ್ನೆ. ಮೊದಲ ಹಂತದ ಉದ್ದೇಶ ದೇಹ ತಾಳಿಕೊಳ್ಳುವ ಪ್ರಮಾಣವನ್ನು ಹುಡುಕುವುದು. ಅಲ್ಲಿ ಗುಣದ ನಿರೀಕ್ಷೆಯನ್ನು ಹಿಡಿತದಲ್ಲಿ ಇಟ್ಟುಕೊಂಡೇ ಹೋಗಬೇಕು.

ಪ್ರಶ್ನೆ: ನನಗೆ ಲೈಪೊಸಾರ್ಕೋಮಾ, ಅಂದರೆ ಕೊಬ್ಬಿನ ಅಂಗಾಂಶದ ಸಾರ್ಕೋಮಾ ಇದೆ. ಎರಡು ಟ್ರಯಲ್‌ಗಳಿಗೆ ವಿಚಾರಿಸಿದೆ. ಒಂದರಲ್ಲಿ ‘ನಿಮ್ಮ ವಿಧ ಇದರಲ್ಲಿ ಸೇರಿಲ್ಲ’ ಎಂದರು, ಇನ್ನೊಂದರಲ್ಲಿ ಹಿಂದೆ ತೆಗೆದುಕೊಂಡ ಕೀಮೋದ ಲೆಕ್ಕ ಕೇಳಿ ವಾಪಸು ಕಳಿಸಿದರು. ಸಾರ್ಕೋಮಾ ಎಂದ ಮೇಲೆ ಎಲ್ಲವೂ ಒಂದೇ ಅಲ್ಲವೇ? — ಮೈಸೂರಿನ ಓದುಗರು

ಉತ್ತರ: ಅಲ್ಲ. ಸಾರ್ಕೋಮಾ ಎಂಬುದು ಒಂದು ಕಾಯಿಲೆಯ ಹೆಸರಿಗಿಂತ ಒಂದು ಮನೆತನದ ಹೆಸರು. ಅದರಲ್ಲಿ ಐವತ್ತಕ್ಕೂ ಹೆಚ್ಚು ಸದಸ್ಯರಿದ್ದಾರೆ, ಒಬ್ಬರ ಸ್ವಭಾವ ಇನ್ನೊಬ್ಬರಿಗಿಲ್ಲ. ಮೇಲೆ ಹೇಳಿದ ಪಜೋಪನಿಬ್ ಟ್ರಯಲ್‌ನಿಂದಲೇ ಲೈಪೊಸಾರ್ಕೋಮಾದವರನ್ನು ಹೊರಗಿಟ್ಟಿದ್ದರು. ಅದಕ್ಕೆ ಪ್ರತಿಯಾಗಿ, ಎರಿಬುಲಿನ್ ಎಂಬ ಚುಚ್ಚುಮದ್ದು ನಿಮ್ಮ ವಿಧದವರಲ್ಲಿಯೇ ಹೆಚ್ಚು ಫಲ ಕೊಟ್ಟಿತು: ಹಳೆಯ ಔಷಧ ಡಕಾರ್ಬಜೀನ್ ಪಡೆದವರ ಮಧ್ಯಾಂಕ ಆಯುಷ್ಯ 8.4 ತಿಂಗಳಿದ್ದರೆ ಎರಿಬುಲಿನ್ ಪಡೆದವರದು 15.6 ತಿಂಗಳು. 2016ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಲೈಪೊಸಾರ್ಕೋಮಾಕ್ಕೆ ಮಾತ್ರ.

ವಿಧವನ್ನು ಖಚಿತವಾಗಿ ತಿಳಿದುಕೊಂಡರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಿಸ್ಟ್ ಎಂಬ ಹೊಟ್ಟೆ-ಕರುಳಿನ ಸಾರ್ಕೋಮಾವೇ ಸಾಕ್ಷಿ. ಕೀಮೋಗೆ ಅದು ಬಗ್ಗುತ್ತಲೇ ಇರಲಿಲ್ಲ. ಕಿಟ್ ಎಂಬ ಜೀನ್ ಕೆಟ್ಟಿರುವುದೇ ಅದರ ಮೂಲವೆಂದು 1998ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ರಕ್ತದ ಕ್ಯಾನ್ಸರಿಗೆಂದು ತಯಾರಾಗಿದ್ದ ಇಮಾಟಿನಿಬ್ ಅದೇ ಜೀನಿನ ಪ್ರೋಟೀನನ್ನೂ ತಡೆಯುತ್ತದೆ ಎಂದು ತಿಳಿದು, 2000ದ ಮಾರ್ಚಿನಲ್ಲಿ ಫಿನ್‌ಲ್ಯಾಂಡಿನ ಒಬ್ಬ ಮಹಿಳೆಗೆ ಕೊಟ್ಟರು. ಗಡ್ಡೆಗಳು ಕೆಲವೇ ವಾರಗಳಲ್ಲಿ ಕುಗ್ಗತೊಡಗಿದವು. ನಂತರ 147 ಮಂದಿಯ ಟ್ರಯಲ್ ನಡೆದು, 2002ರ ಫೆಬ್ರವರಿಯಲ್ಲಿ ಅನುಮತಿಯೂ ಬಂತು. ಒಬ್ಬ ರೋಗಿಯಿಂದ ಅನುಮತಿಯವರೆಗೆ ಎರಡೇ ವರ್ಷ. ಎಲ್ಲ ಸಾರ್ಕೋಮಾಗಳನ್ನೂ ಒಂದೇ ಬುಟ್ಟಿಗೆ ಹಾಕಿ ಇಮಾಟಿನಿಬ್ ಪರೀಕ್ಷಿಸಿದ್ದರೆ ಈ ಗೆಲುವು ಸರಾಸರಿಯಲ್ಲಿ ಮುಳುಗಿಹೋಗುತ್ತಿತ್ತು.

ಈಗಿನ ಟ್ರಯಲ್‌ಗಳು ಇನ್ನೂ ಸೂಕ್ಷ್ಮವಾಗಿ ಸೋಸುತ್ತವೆ. ಸೈನೋವಿಯಲ್ ಸಾರ್ಕೋಮಾ ಎಂಬ ವಿಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕೋಶ ಚಿಕಿತ್ಸೆಯೊಂದಕ್ಕೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವುದು), ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಪ್ರೋಟೀನೂ ರೋಗಿಯ ರಕ್ತದಲ್ಲಿ ಒಂದು ನಿರ್ದಿಷ್ಟ ಅಂಗಾಂಶ ಗುಂಪೂ ಎರಡೂ ಇದ್ದರಷ್ಟೇ ಅರ್ಹತೆ. ಕೀಮೋದ ಲೆಕ್ಕ ಕೇಳಿದ್ದೂ ವಿನಾಕಾರಣವಲ್ಲ: ಡಾಕ್ಸೊರೂಬಿಸಿನ್ ಜೀವಮಾನದಲ್ಲಿ ಒಂದು ಮಿತಿ ದಾಟಿದರೆ ಹೃದಯ ಸೋಲಬಹುದು, ಆದ್ದರಿಂದ ಮತ್ತೆ ಅದನ್ನೇ ಕೊಡುವ ಟ್ರಯಲ್‌ನವರು ಹಿಂದಿನ ಒಟ್ಟು ಪ್ರಮಾಣವನ್ನೂ ಎಕೋ ವರದಿಯನ್ನೂ ನೋಡಲೇಬೇಕು. ನಿಮ್ಮ ಡಿಸ್ಚಾರ್ಜ್ ಸಾರಾಂಶದಲ್ಲಿ ಆ ಒಟ್ಟು ಮಿಲಿಗ್ರಾಂ ಇಲ್ಲದಿದ್ದರೆ ಬರೆಸಿಕೊಳ್ಳಿ. ಲೈಪೊಸಾರ್ಕೋಮಾದ ಒಳಗೂ ಹಲವು ಬಗೆಗಳಿವೆ. ವರದಿಯಲ್ಲಿ ಆ ಬಗೆ ನಮೂದಾಗದೆ ಬರೀ ‘ಲೈಪೊಸಾರ್ಕೋಮಾ’ ಎಂದಿದ್ದರೆ, ಸಾರ್ಕೋಮಾವನ್ನು ಹೆಚ್ಚಾಗಿ ನೋಡುವ ಪ್ಯಾಥಾಲಜಿ ತಜ್ಞರಿಂದ ಎರಡನೇ ಅಭಿಪ್ರಾಯ ಪಡೆದ ನಂತರವೇ ಮೂರನೇ ಟ್ರಯಲ್‌ನ ಬಾಗಿಲು ತಟ್ಟಿರಿ.

ಪ್ರಶ್ನೆ: ಟ್ರಯಲ್‌ಗೆ ದುಡ್ಡು ಕೇಳುತ್ತಾರೆಯೇ? ಏನಾದರೂ ಅನಾಹುತವಾದರೆ ಯಾರು ಹೊಣೆ? — ಹುಬ್ಬಳ್ಳಿಯ ಓದುಗರು

ಉತ್ತರ: ಪರೀಕ್ಷೆಯಲ್ಲಿರುವ ಔಷಧಕ್ಕೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಟ್ರಯಲ್ ನಡೆಯುವಾಗ ತೊಂದರೆಯಾದರೆ, ಅದು ಟ್ರಯಲ್‌ನಿಂದ ಆದದ್ದಲ್ಲವೆಂದು ಸ್ಥಾಪಿತವಾಗುವವರೆಗೆ ಅಥವಾ ಅಗತ್ಯವಿರುವವರೆಗೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಟ್ರಯಲ್‌ನಿಂದಲೇ ಆದದ್ದೆಂದು ತೀರ್ಮಾನವಾದರೆ ಪರಿಹಾರವೂ ಸಲ್ಲಬೇಕು. ಊರಿಂದ ಓಡಾಡುವ ಖರ್ಚು ಕೊಡುತ್ತಾರೆಯೇ ಎಂಬುದು ಟ್ರಯಲ್‌ನಿಂದ ಟ್ರಯಲ್‌ಗೆ ಬೇರೆ. ಅದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು.

ಪ್ರಶ್ನೆ: ನನ್ನ ತಂಗಿಯ ಮೊಣಕಾಲಿನ ಮೇಲೆ ದೊಡ್ಡ ಗಡ್ಡೆ, ಬಯಾಪ್ಸಿಯಲ್ಲಿ ಸಾರ್ಕೋಮಾ ಎಂದಿದೆ. ಬೇರೆಲ್ಲೂ ಹರಡಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ರೇಡಿಯೇಷನ್ ಕೊಡುತ್ತೇವೆ ಎನ್ನುತ್ತಾರೆ. ಟ್ರಯಲ್‌ಗಳು ಹರಡಿದವರಿಗೆ ಮಾತ್ರವೇ? — ಮಂಗಳೂರಿನ ಓದುಗರು

ಉತ್ತರ: ನಿಮ್ಮ ತಂಗಿಯ ಕಾಲು ಉಳಿಸುವ ಮಾತು ನಡೆಯುತ್ತಿರುವುದೇ ಒಂದು ಟ್ರಯಲ್‌ನಿಂದ. ಒಂದು ಕಾಲದಲ್ಲಿ ಇಂಥ ಗಡ್ಡೆಗೆ ಕಾಲನ್ನೇ ಕತ್ತರಿಸುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 1975ರಿಂದ 1981ರವರೆಗೆ 43 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, 16 ಮಂದಿಗೆ ಅಂಗಚ್ಛೇದನ, 27 ಮಂದಿಗೆ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರು. ಅದೇ ಜಾಗದಲ್ಲಿ ಗಡ್ಡೆ ಮರಳಿದ್ದು ಕಾಲು ಉಳಿಸಿಕೊಂಡ ನಾಲ್ವರಲ್ಲಿ ಮಾತ್ರ. ಆದರೆ ಐದು ವರ್ಷ ಬದುಕಿದವರ ಪ್ರಮಾಣ ಅಂಗಚ್ಛೇದನದವರಲ್ಲಿ ಶೇ 88, ಉಳಿದವರಲ್ಲಿ ಶೇ 83. ಅಂದರೆ ಅರ್ಥಪೂರ್ಣ ಅಂತರವಿರಲಿಲ್ಲ. ಕತ್ತರಿಸಿಕೊಳ್ಳಲೂ ಸಿದ್ಧರಾಗಿ ಆ ಚೀಟಿಗೆ ಒಪ್ಪಿದ 43 ಮಂದಿಯ ಧೈರ್ಯವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ರೇಡಿಯೇಷನ್ ಮೊದಲೋ ಆಮೇಲೋ ಎಂಬುದನ್ನು ಕೆನಡಾದವರು 190 ಮಂದಿಯಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಮೊದಲೇ ಕೊಟ್ಟರೆ ಗಾಯ ಮಾಯುವ ತೊಂದರೆ ಶೇ 35ರಷ್ಟು ಮಂದಿಯಲ್ಲಿ, ಆಮೇಲೆ ಕೊಟ್ಟರೆ ಶೇ 17ರಲ್ಲಿ. ಆದರೆ ಮೊದಲು ಕೊಡುವಾಗ ಪ್ರಮಾಣ ಕಡಿಮೆ ಸಾಕು, ಮುಂದೆ ಕಾಲು ಬಿಗಿಯುವುದೂ ಕಡಿಮೆ. ಗಾಯ ತಡವಾಗಿಯಾದರೂ ಮಾಯುತ್ತದೆ, ಬಿಗಿತ ಹೋಗುವುದು ಕಷ್ಟ. ಆದ್ದರಿಂದ ವೈದ್ಯರ ಸಲಹೆ ಸಮಂಜಸವಾಗಿಯೇ ಇದೆ. ಇದರ ಮುಂದಿನ ಹೆಜ್ಜೆಯಾಗಿ, ಕೈಕಾಲಿನ ಎರಡು ಉಪವಿಧಗಳಲ್ಲಿ ರೇಡಿಯೇಷನ್ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿಯನ್ನೂ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ) ಸೇರಿಸಿದ ಟ್ರಯಲ್‌ನ ಫಲಿತಾಂಶ 2024ರಲ್ಲಿ ಬಂತು. ಎರಡು ವರ್ಷ ಕಾಯಿಲೆ ಮರಳದೆ ಇದ್ದವರು ಶೇ 52ರಿಂದ ಶೇ 67ಕ್ಕೆ ಏರಿದರು, ತೀವ್ರ ಅಡ್ಡಪರಿಣಾಮಗಳೂ ಅದಕ್ಕೆ ತಕ್ಕಂತೆ ಹೆಚ್ಚಿದವು. ತಂಗಿಯದು ಯಾವ ಉಪವಿಧವೆಂದು ತಿಳಿದ ಮೇಲೆ ಈ ವಿಷಯವನ್ನು ಎತ್ತಬಹುದು. ಒಮ್ಮೆ ಗಡ್ಡೆಯನ್ನು ತೆಗೆದುಬಿಟ್ಟರೆ ‘ಮೊದಲು’ ಎಂಬ ಮಾತಿರುವ ಟ್ರಯಲ್‌ಗಳೆಲ್ಲ ಮುಚ್ಚಿಹೋಗುತ್ತವೆ, ಆದ್ದರಿಂದ ಕೇಳುವುದಿದ್ದರೆ ಈಗಲೇ ಕೇಳಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಹಾಸನದಲ್ಲಿರುವ ಅಮ್ಮನಿಗೆ ಸಾರ್ಕೋಮಾ. ಅಮೆರಿಕದ ಟ್ರಯಲ್‌ಗೆ ಅವರನ್ನು ಕರೆಸಿಕೊಳ್ಳಬಹುದೇ? — ಹೆಸರು ಬೇಡವೆಂದವರು

ಉತ್ತರ: ನಿಯಮದಲ್ಲಿ ಅಡ್ಡಿ ಇಲ್ಲದಿದ್ದರೂ ಖರ್ಚನ್ನು ಲೆಕ್ಕ ಹಾಕಿಯೇ ಹೊರಡಬೇಕು. ಅಲ್ಲಿ ಸಾಮಾನ್ಯವಾಗಿ ಪ್ರಾಯೋಜಕರು ಕೊಡುವುದು ಹೊಸ ಔಷಧವನ್ನೂ ಸಂಶೋಧನೆಗೆಂದೇ ಮಾಡುವ ಪರೀಕ್ಷೆಗಳನ್ನೂ ಮಾತ್ರ. ಮಾಮೂಲಿ ಸ್ಕ್ಯಾನ್, ಆಸ್ಪತ್ರೆ ವಾಸ, ಇತರ ಔಷಧಗಳ ಬಿಲ್ಲು ವಿಮೆಗೆ ಹೋಗುತ್ತದೆ, ಭೇಟಿ ವೀಸಾದಲ್ಲಿ ಬಂದವರಿಗೆ ಅಂಥ ವಿಮೆ ಇರುವುದಿಲ್ಲ. ಮೊದಲು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯನ್ನು ಹುಡುಕಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಡಿಯಲ್ಲಿ 2007ರಲ್ಲಿ ಶುರುವಾದ ಈ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಯಾವ ಟ್ರಯಲ್, ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹಾಸನಕ್ಕೆ ಹತ್ತಿರ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಒಂದು ರಾತ್ರಿಯ ಪ್ರಯಾಣ. ಈ ನಡುವೆ ಅಮ್ಮನ ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕನ್ನು (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಗಟ್ಟಿ) ಆಸ್ಪತ್ರೆಯಿಂದ ರಸೀದಿ ಸಮೇತ ಪಡೆದು, ತಂಪಾದ ಜಾಗದಲ್ಲಿ ಜೋಪಾನವಾಗಿ ಇಡಲು ಮನೆಯವರಿಗೆ ಹೇಳಿ. ಯಾವ ದೇಶದ ಟ್ರಯಲ್ ಆದರೂ ಅದನ್ನು ಕೇಳುವ ಸಾಧ್ಯತೆ ಹೆಚ್ಚು. ಅದರಿಂದ ತೆಳುವಾಗಿ ಕತ್ತರಿಸಿದ ಸ್ಲೈಡುಗಳನ್ನು ಕಳಿಸಿದರೂ ಬ್ಲಾಕ್ ಪೂರ್ತಿ ಖಾಲಿಯಾಗದಂತೆ ನೋಡಿಕೊಳ್ಳಿ.