ಫಿಲ್ಟರ್ ಬದಲಿಸಿದರೂ ಡ್ರಿಪ್ಪರ್‌ನಲ್ಲಿ ಸುಣ್ಣ ಕಟ್ಟುವುದು ಯಾಕೆ

ಅಣ್ಣಾ, ಬೋರ್‌ನಿಂದ ಬರುವ ನೀರು ತಿಳಿಯಾಗಿದೆ, ಆದರೂ ಹನಿ ನೀರಾವರಿ ಪೈಪಿನಲ್ಲಿ ಹನಿ ಬಿಡುವ ಡ್ರಿಪ್ಪರ್ ಬಾಯಿಗೆ ಬಿಳಿ ಪೊರೆ ಕಟ್ಟಿ ನೀರು ನಿಂತುಹೋಗುತ್ತಿದೆ, ಇನ್ನೂ ಸಣ್ಣ ಕಣ್ಣಿನ ಫಿಲ್ಟರ್ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ, ದುಡ್ಡು ದಂಡ. ಫಿಲ್ಟರ್ ಹಿಡಿಯುವುದು ನೀರಿನಲ್ಲಿ ತೇಲುವ ಕಣಗಳನ್ನು. ನಿಮ್ಮ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಫಿಲ್ಟರ್ ದಾಟುವಾಗ ಕರಗಿದ ಸ್ಥಿತಿಯಲ್ಲೇ ಇರುತ್ತದೆ. ಗಟ್ಟಿಯಾಗುವುದು ಆಮೇಲೆ, ಪೈಪಿನೊಳಗೆ.

ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದುವ ಪ್ರಯೋಗ ಇತ್ತಲ್ವಾ? ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ನೀರು ಬೆಳ್ಳಗಾಗುತ್ತದೆ. ಜಾಸ್ತಿ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಗ್ಯಾಸ್ ಬಿಡುತ್ತಲೇ ಹೋದರೆ ಆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಕಾರ್ಬೊನೇಟ್ ಈಗ ಬೈಕಾರ್ಬೊನೇಟ್ ಆಗಿದೆ. ಅದೇ ನೀರನ್ನು ಕುದಿಸಿದರೆ ಗ್ಯಾಸ್ ಹೊರಟುಹೋಗಿ ಬಿಳಿ ಪುಡಿ ತಿರುಗಿ ಬರುತ್ತದೆ. ನಿಮ್ಮ ಬೋರ್‌ನಿಂದ ಡ್ರಿಪ್ಪರ್‌ವರೆಗೆ ನಡೆಯುತ್ತಿರುವುದು ಈ ಎರಡನೇ ಅರ್ಧವೇ.

ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೀಟರಿಗೆ ಸುಮಾರು 14 ಮಿಲಿಗ್ರಾಂ ಕರಗಿದರೆ ಹೆಚ್ಚು. ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಚೆನ್ನಾಗಿ ಸೇರಿಕೊಂಡಿದ್ದರೆ ನೂರಾರು ಮಿಲಿಗ್ರಾಂ ಕರಗುತ್ತದೆ. ಹೊರಗಿನ ಗಾಳಿಯಲ್ಲಿ ಈ ಗ್ಯಾಸ್ ಶೇಕಡಾ 0.04ರಷ್ಟು ಮಾತ್ರ. ಮಣ್ಣಿನೊಳಗೆ ಬೇರು, ಸೂಕ್ಷ್ಮಜೀವಿ ಎಲ್ಲವೂ ಉಸಿರಾಡುವುದರಿಂದ ಅದರ ಹತ್ತಾರು ಪಟ್ಟು ಇರುತ್ತದೆ. ಆ ಗ್ಯಾಸ್ ಹೊತ್ತು ಇಳಿದ ನೀರು ಕೆಳಗೆ ಸುಣ್ಣ ಇರುವ ಕಲ್ಲನ್ನು ಕರಗಿಸಿಕೊಳ್ಳುತ್ತದೆ.

ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದು. ಗ್ಯಾಸ್ ಜಾಸ್ತಿಯಾದರೆ ಸುಣ್ಣ ಕರಗುವ ಕಡೆಗೆ, ಗ್ಯಾಸ್ ಕಮ್ಮಿಯಾದರೆ ಸುಣ್ಣ ಕೂರುವ ಕಡೆಗೆ. ನೀರು ಮೇಲೆ ಬಂದ ಕೂಡಲೇ ಒತ್ತಡ ಇಳಿದು ಗ್ಯಾಸ್ ಹೊರಟುಹೋಗುತ್ತದೆ. ಡ್ರಿಪ್ಪರ್ ಕೂರಿಸಿರುವ ಕಪ್ಪು ಪೈಪು (ಲ್ಯಾಟರಲ್) ಬಿಸಿಲಿಗೆ ಕಾದರೆ ಇನ್ನಷ್ಟು, ಯಾಕೆಂದರೆ ಬಿಸಿ ನೀರಿನಲ್ಲಿ ಗ್ಯಾಸ್ ನಿಲ್ಲುವುದಿಲ್ಲ. ಅದರ ಮೇಲೆ, ಸಕ್ಕರೆಯಂತಲ್ಲ ಈ ಕಾರ್ಬೊನೇಟ್: ಬಿಸಿಯಾದಷ್ಟೂ ಕಮ್ಮಿ ಕರಗುತ್ತದೆ. ಡ್ರಿಪ್ಪರ್ ಬಾಯಲ್ಲಿ ಉಳಿದ ಹನಿ ಆರಿದಾಗ ಎಲ್ಲಾ ಅಲ್ಲೇ ಕೂರುತ್ತದೆ.

ನಂಬಿಕೆ ಬರದಿದ್ದರೆ ಎರಡು ಬಾಟಲಿ ತಗೊಳ್ಳಿ. ಪಂಪ್ ಶುರುವಾಗಿ ಸ್ವಲ್ಪ ಹೊತ್ತು ಆದಮೇಲೆ ನೀರು ಹಿಡಿಯಿರಿ. ಒಂದನ್ನು ಗಾಳಿಗೆ ಜಾಗವಿಲ್ಲದಂತೆ ತುಂಬಿ ಮುಚ್ಚಿ ನೆರಳಲ್ಲಿಡಿ. ಇನ್ನೊಂದನ್ನು ಅರ್ಧ ತುಂಬಿ, ಆಗಾಗ ಕುಲುಕಿ, ಬಾಯಿ ತೆರೆದು ಬಿಸಿಲಿಗಿಡಿ. ಪಿಎಚ್ (ನೀರಿನ ಹುಳಿತನದ ಅಳತೆ, ಹುಳಿ ಜಾಸ್ತಿಯಾದಷ್ಟೂ ಅಂಕಿ ಕಮ್ಮಿ) ಪೇಪರ್ ಇದ್ದರೆ ಎರಡನ್ನೂ ನೋಡಿ. ತೆರೆದದ್ದರಲ್ಲಿ ಪಿಎಚ್ ಏರುತ್ತದೆ. ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಗೋಡೆಗೆ ಬಿಳಿ ಪೊರೆಯೂ ಕಾಣುತ್ತದೆ. ಹಾಗೇ ಕಟ್ಟಿಕೊಂಡ ಡ್ರಿಪ್ಪರ್ ಒಂದನ್ನು ಕಿತ್ತು ವಿನೆಗರ್‌ನಲ್ಲಿ ಹಾಕಿ. ಗುಳ್ಳೆ ಬಂದರೆ ಕಾರ್ಬೊನೇಟೇ. ಗುಳ್ಳೆ ಬರದೆ ಲೋಳೆ ಅಥವಾ ಕಂದು ಕೆಸರು ಸಿಕ್ಕರೆ ಅದು ಪಾಚಿ, ಬ್ಯಾಕ್ಟೀರಿಯಾ, ಕಬ್ಬಿಣದ ಕಥೆ. ಅದಕ್ಕೆ ಮದ್ದು ಬೇರೆ.

ಕಾರ್ಬೊನೇಟೇ ಅಂತಾದರೆ ಆಸಿಡ್ ಬಿಡುವುದೊಂದೇ ನೇರ ದಾರಿ. ಆಸಿಡ್ ಬೈಕಾರ್ಬೊನೇಟನ್ನು ಗ್ಯಾಸ್ ಮತ್ತು ನೀರಾಗಿ ಒಡೆಯುತ್ತದೆ, ಕೂರಲು ಸುಣ್ಣವೇ ಹುಟ್ಟುವುದಿಲ್ಲ. ಲೆಕ್ಕ ಹೀಗೆ. ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬೊನೇಟ್ ಇರುವ ನೀರು 1000 ಲೀಟರ್ ಇದೆ ಅಂದುಕೊಳ್ಳಿ. ಒಟ್ಟು 300 ಗ್ರಾಂ. ಮೋಲ್ ಅಂದರೆ ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ಲೆಕ್ಕ. ಬೈಕಾರ್ಬೊನೇಟ್‌ನ ಒಂದು ಮೋಲ್ 61 ಗ್ರಾಂ, ಹಾಗಾಗಿ ಸುಮಾರು 5 ಮೋಲ್. ಶೇಕಡಾ 30ರಿಂದ 33ರ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಲೀಟರಿಗೆ ಸುಮಾರು 10 ಮೋಲ್ ಇರುತ್ತದೆ. ಒಂದು ಮೋಲ್ ಬೈಕಾರ್ಬೊನೇಟಿಗೆ ಒಂದು ಮೋಲ್ ಆಸಿಡ್, ಹಾಗಾಗಿ ಪೂರ್ತಿ ಕಳೆಯಲು ಅರ್ಧ ಲೀಟರ್ ಬೇಕು. ಆದರೆ ಪೂರ್ತಿ ಕಳೆಯಬೇಡಿ, ಕೊನೆಗೆ ಪಿಎಚ್ ಧಡಕ್ಕನೆ ಬಿದ್ದುಬಿಡುತ್ತದೆ. 6.5ರ ಸುತ್ತ ನಿಂತರೆ ಸಾಕು. 10 ಲೀಟರ್ ಬಕೆಟ್‌ನಲ್ಲಿ ಅರ್ಧರ್ಧ ಮಿಲಿ ಹಾಕಿ ನೋಡಿ, ಈ ನೀರಿಗೆ 2 ಮಿಲಿ ಹತ್ತಿರ ಬರುತ್ತದೆ. ಜೋರಾಗಿ ಕಲಕಬೇಡಿ, ಗ್ಯಾಸ್ ಹೋಗಿ ಪಿಎಚ್ ತಿರುಗಿ ಏರುತ್ತದೆ.

ಈಗಾಗಲೇ ಕಟ್ಟಿರುವುದಕ್ಕೆ ಇಷ್ಟು ಸಾಲದು. ಕೊನೆಯ ಡ್ರಿಪ್ಪರ್‌ನಲ್ಲಿ ಪಿಎಚ್ 4ಕ್ಕಿಂತ ಕೆಳಗೆ ಬರುವಷ್ಟು ಬಿಟ್ಟು, ಪಂಪ್ ನಿಲ್ಲಿಸಿ ಅರ್ಧದಿಂದ ಒಂದು ಗಂಟೆ ಪೈಪಿನಲ್ಲೇ ಉಳಿಸಿ. ಆಮೇಲೆ ಎಂಡ್ ಕ್ಯಾಪ್ ಬಿಚ್ಚಿ ಜೋರಾಗಿ ನೀರು ಹೊಡೆಯಿರಿ. ಕಬ್ಬಿಣದ ಫಿಟ್ಟಿಂಗ್ ಇರುವ ಕಡೆ ಆಸಿಡ್ ನಿಲ್ಲಲು ಬಿಡಬೇಡಿ, ತಿಂದುಹಾಕುತ್ತದೆ.

ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಬೇಡ. ಗ್ಲೌಸ್, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪುಡಿ ಆಸಿಡ್ ಹತ್ತಿರ ಸುಳಿಯಬಾರದು, ಕ್ಲೋರಿನ್ ಗ್ಯಾಸ್ ಬರುತ್ತದೆ. ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ.

ಇನ್ನೊಂದು. ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗೊಬ್ಬರವನ್ನು ಒಂದೇ ಟ್ಯಾಂಕಿನಲ್ಲಿ ಕಲಸಬೇಡಿ. ಸಲ್ಫೇಟ್ ಸೇರಿದರೆ ಜಿಪ್ಸಂ, ಫಾಸ್ಫೇಟ್ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಕೂರುತ್ತದೆ. ಜಿಪ್ಸಂ ಆಸಿಡ್‌ಗೂ ಬಗ್ಗುವುದಿಲ್ಲ. ನಿಮ್ಮ ನೀರಿನ ರಿಪೋರ್ಟ್‌ನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಅಂತ ಇಲ್ಲೇ ಹಾಕಿ, ನಿಮ್ಮ ಟ್ಯಾಂಕಿಗೆ ಎಷ್ಟು ಮಿಲಿ ಅಂತ ಲೆಕ್ಕ ಮಾಡಿಕೊಡುತ್ತೇನೆ.